ಚಂದ್ರಣ್ಣ ಮಾವನ ಸೂಜಿ ಭಯಕ್ಕೆ ನಗುವ ಮೊದಲು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ. ಅಡುಗೆ ಮಾಡ್ತಾ, ಅಂಗಡಿಯಲ್ಲಿ ಕೂತು, ಹೇಗಾದರೂ ಕೇಳಿ, ಆದರೆ ಪೂರ್ತಿ ಕೇಳಿ.

ಪ್ರಶಾಂತ ನಿನ್ನೆ ಹಾಕಿದ ವಿಡಿಯೊ ನೋಡಿದೆ. ಶುಗರ್ ಟೆಸ್ಟಿಗೆ ಅಂತ ಮಾವ ಲ್ಯಾಬಿನಲ್ಲಿ ಕೈ ಚಾಚಿದ್ದಾರೆ. ಸೂಜಿ ಕಂಡಿದ್ದೇ ಮುಖ ಬಿಳುಚಿಕೊಂಡು ಕುರ್ಚಿಯಿಂದ ಜಾರಿಬಿಟ್ಟಿದ್ದಾರೆ. ಕೆಳಗೆ ನೋಡಿದರೆ ಬರೀ ನಗುವ ಎಮೋಜಿ. "ಎಪಿಎಂಸಿಯಲ್ಲಿ ಮೆಕ್ಕೆಜೋಳದ ಚೀಲ ಹೊರುವ ಗಂಡಸು ಸೂಜಿಗೆ ಬಿದ್ದ" ಅಂತ ಒಬ್ಬರು, "ಸುಮ್ನೆ ನಾಟಕ" ಅಂತ ಇನ್ನೊಬ್ಬರು. ಹರಿಹರದ ಅತ್ತೆ ಅಂತ್ರ ಕಟ್ಟಿಸೋಣ ಅಂದರು. ಪ್ರಶಾಂತ, ಮೊದಲು ಆ ವಿಡಿಯೊ ಡಿಲೀಟ್ ಮಾಡಪ್ಪ. ರಕ್ತ ತೆಗೆಯುವುದೇ ನನ್ನ ಕೆಲಸ, ಮಾವನಂಥವರು ನಮ್ಮ ಲ್ಯಾಬಿಗೆ ಬರುತ್ತಲೇ ಇರುತ್ತಾರೆ. ಅದು ನಾಟಕ ಅಲ್ಲ. ಬೇಕು ಅಂತ ಬಿಪಿ ಇಳಿಸಿಕೊಂಡು ಬೀಳೋಕೆ ಯಾರಿಗೂ ಬರಲ್ಲ.

ಭಯ ಎಲ್ಲರಿಗೂ ಇದೆ. ದುರ್ಗದ ಕೋಟೆಯಲ್ಲಿ ತುಪ್ಪದ ಕೊಳಕ್ಕೆ ಹತ್ತುವಾಗ, ಬಂಡೆಯಲ್ಲಿ ಕೊರೆದ ಆ ಸಣ್ಣ ಮೆಟ್ಟಿಲ ಮೇಲೆ ಕಾಲು ನಡುಗಿದರೆ ಅದು ಸರಿಯಾದ ಭಯವೇ. ಜಾರಿದರೆ ಬೀಳ್ತೀವಿ ಅಲ್ವಾ. ಆದರೆ ಸ್ವಂತ ಮನೆಯ ಮಹಡಿಗೆ ಬಟ್ಟೆ ಒಣಹಾಕೋಕೂ ಹೋಗಲಾಗದೆ, ವರ್ಷಗಟ್ಟಲೆ ಅದನ್ನೇ ತಪ್ಪಿಸಿಕೊಂಡು ಬದುಕಿದರೆ ಅದನ್ನು ಫೋಬಿಯಾ ಅನ್ನುತ್ತಾರೆ. ಅಪಾಯ ಇರುವುದು ಇಷ್ಟು, ಭಯ ಆಗುವುದು ಅಷ್ಟು. ಆರು ತಿಂಗಳಿಗೂ ಜಾಸ್ತಿ ಹೀಗೇ ಇದ್ದು, ಕೆಲಸಕ್ಕೆ, ಆರೋಗ್ಯಕ್ಕೆ ಅಡ್ಡ ಬರುತ್ತಿದ್ದರೆ ಡಾಕ್ಟರು ಅದನ್ನು ಕಾಯಿಲೆ ಅಂತಲೇ ನೋಡುತ್ತಾರೆ. ಇದು ಅತಿ ಅಂತ ಸಾಮಾನ್ಯವಾಗಿ ಹೆದರುವವರಿಗೂ ಗೊತ್ತಿರುತ್ತದೆ. ಅದಕ್ಕೇ "ಅಷ್ಟಕ್ಕೆಲ್ಲ ಹೆದರ್ತಾರಾ" ಅಂತ ಬುದ್ಧಿ ಹೇಳಿದರೆ ಏನೂ ಪ್ರಯೋಜನ ಇಲ್ಲ. ನಾಚಿಕೆ ಮಾತ್ರ ಜಾಸ್ತಿ ಆಗುತ್ತದೆ.

ಸೂಜಿ ಮತ್ತು ರಕ್ತದ ಭಯದಲ್ಲಿ ಒಂದು ವಿಶೇಷ ಇದೆ, ಇದನ್ನು ಗಮನ ಇಟ್ಟು ಕೇಳಿ. ನಾಯಿಗೋ, ಎತ್ತರಕ್ಕೋ, ಲಿಫ್ಟಿಗೋ ಹೆದರುವವರಿಗೆ ಎದೆ ಡವಡವ ಹೊಡೆಯುತ್ತದೆ, ಬಿಪಿ ಏರುತ್ತದೆ. ತಲೆ ಸುತ್ತಿದ ಹಾಗೆ ಅನ್ನಿಸಿದರೂ ಅವರು ಸಾಮಾನ್ಯವಾಗಿ ಮೂರ್ಛೆ ಹೋಗುವುದಿಲ್ಲ. ಸೂಜಿ, ರಕ್ತದ ಭಯದಲ್ಲಿ ಮೊದಲು ಬಿಪಿ ಏರಿ, ಆಮೇಲೆ ದಿಢೀರಂತ ಕುಸಿಯುತ್ತದೆ. ನಾಡಿ ನಿಧಾನ ಆಗುತ್ತದೆ. ಮೆದುಳಿಗೆ ರಕ್ತ ಸಾಲದೆ ಮನುಷ್ಯ ಬೀಳುತ್ತಾನೆ. ಎಷ್ಟು ಗಟ್ಟಿ ಆಳು ಅನ್ನುವುದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಈ ಭಯ ಕುಟುಂಬಗಳಲ್ಲಿ ಹರಿದು ಬರುವುದೂ ಜಾಸ್ತಿ. ನಮ್ಮ ಅಜ್ಜ ಕುರಿ ಕೊಯ್ಯುವ ದಿನ ಹೊಲಕ್ಕೆ ಹೋಗಿಬಿಡುತ್ತಿದ್ದರು ಅಂತ ಅಮ್ಮ ಈಗಲೂ ಹೇಳುತ್ತಾಳೆ.

ವಿಡಿಯೊದಲ್ಲಿ ಮಾವನ ಕೈಕಾಲು ಒಂದೆರಡು ಸಲ ಅದುರಿತು. ಕೂಡಲೇ ಯಾರೋ ಫಿಟ್ಸ್ ಅಂತ ಕೈಗೆ ಬೀಗದ ಕೀ ಕೊಟ್ಟರು, ಎತ್ತಿ ಕೂರಿಸಿದರು. ದಯವಿಟ್ಟು ಹಾಗೆ ಮಾಡಬೇಡಿ. ಇಂಥ ಮೂರ್ಛೆಯಲ್ಲೂ ಸ್ವಲ್ಪ ಅದುರುವುದುಂಟು. ಅಂಗಾತ ಮಲಗಿಸಿ, ಕಾಲು ಸ್ವಲ್ಪ ಎತ್ತರಕ್ಕೆ ಇಡಿ. ಪೂರ್ತಿ ಎಚ್ಚರ ಆಗುವವರೆಗೆ ಬಾಯಿಗೆ ನೀರು ಹಾಕಬೇಡಿ. ಬೇಗ ಎಚ್ಚರ ಆಗದಿದ್ದರೆ ಮಾತ್ರ ತಡ ಮಾಡದೆ ಆಸ್ಪತ್ರೆಗೆ.

ನನಗೆ ಚಿಂತೆ ಇರುವುದು ಬಿದ್ದದ್ದರ ಬಗ್ಗೆ ಅಲ್ಲ. ಮಾವನಿಗೆ ಶುಗರ್ ಇದೆ, ಆದರೂ ಟೆಸ್ಟ್ ಮುಂದೂಡುತ್ತಲೇ ಬಂದಿದ್ದಾರೆ. ಇವತ್ತು ಲೋಡ್ ಇದೆ, ನಾಳೆ ಮದುವೆ ಇದೆ. ಪ್ರತಿ ಸಲ ತಪ್ಪಿಸಿಕೊಂಡಾಗ ಮನಸ್ಸಿಗೆ ನಿರಾಳ ಆಗುತ್ತದೆ. ಆ ನಿರಾಳವೇ ಭಯವನ್ನು ಸಾಕುತ್ತದೆ. "ಹೋಗಲಿಲ್ಲ, ಅದಕ್ಕೇ ಉಳಿದುಕೊಂಡೆ" ಅಂತ ಮೆದುಳು ಕಲಿಯುತ್ತದೆ. ಅಷ್ಟರಲ್ಲಿ ಶುಗರ್ ಸದ್ದಿಲ್ಲದೆ ಕಣ್ಣು, ಕಿಡ್ನಿ, ಕಾಲಿನ ನರ ಎಲ್ಲವನ್ನೂ ತಿನ್ನುತ್ತಾ ಇರುತ್ತದೆ. ಅತ್ತೆ, ನೀವು ಪ್ರೀತಿಯಿಂದಲೇ "ಹೋಗಲಿ ಬಿಡಿ, ಮುಂದಿನ ವಾರ ಮಾಡಿಸಿದರಾಯ್ತು" ಅನ್ನುತ್ತೀರಿ. ಹಾಗೆ ಅನ್ನಬೇಡಿ. ನಾಲ್ಕು ಜನ ಹಿಡಿದುಕೊಂಡು ಚುಚ್ಚಿಸೋಣ ಅನ್ನುವವರೂ ಸುಮ್ಮನಿರಿ, ಅದರಿಂದ ಭಯ ಇನ್ನೂ ಬೇರು ಬಿಡುತ್ತದೆ.

ದಾರಿ ಇದೆ, ಅದೂ ಹೊಸದೇನಲ್ಲ. 1924ರಲ್ಲೇ ಅಮೆರಿಕದ ಮೇರಿ ಕವರ್ ಜೋನ್ಸ್ ಅನ್ನುವ ಮನಶ್ಶಾಸ್ತ್ರಜ್ಞೆ ಮೊಲ ಕಂಡರೆ ಹೆದರುತ್ತಿದ್ದ ಪೀಟರ್ ಅನ್ನುವ ಪುಟ್ಟ ಹುಡುಗನ ಬಗ್ಗೆ ಬರೆದರು. ಅವನು ಇಷ್ಟದ ತಿಂಡಿ ತಿನ್ನುವಾಗ ಪಂಜರದಲ್ಲಿದ್ದ ಮೊಲವನ್ನು ದೂರ ಇಟ್ಟು, ದಿನ ಕಳೆದ ಹಾಗೆ ಸ್ವಲ್ಪ ಸ್ವಲ್ಪ ಹತ್ತಿರ ತಂದರು. ಕೊನೆಗೆ ಅವನೇ ಮೊಲವನ್ನು ಮುಟ್ಟಿ ಆಡಿದ. ಇವತ್ತಿಗೂ ಫೋಬಿಯಾಗೆ ಮುಖ್ಯ ಚಿಕಿತ್ಸೆ ಇದೇ ಜಾಡಿನದು. ಭಯದ ವಸ್ತುವಿಗೆ ಮೆಟ್ಟಿಲು ಮೆಟ್ಟಿಲಾಗಿ ಹತ್ತಿರ ಹೋಗುವುದು, ಪ್ರತಿ ಮೆಟ್ಟಿಲಲ್ಲೂ ಭಯ ಇಳಿಯುವವರೆಗೆ ನಿಲ್ಲುವುದು.

ಸೂಜಿ ಭಯಕ್ಕೆ ಇನ್ನೊಂದು ಉಪಾಯವೂ ಸೇರುತ್ತದೆ. ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಲಾರ್ಸ್ ಯೋರಾನ್ ಓಸ್ಟ್ ಮತ್ತು ಜೊತೆಯವರು 1980ರ ದಶಕದಲ್ಲಿ ರೂಪಿಸಿದ್ದು. ಕೈ, ಕಾಲು, ಹೊಟ್ಟೆಯ ಸ್ನಾಯುಗಳನ್ನು 10–15 ಸೆಕೆಂಡು ಬಿಗಿ ಹಿಡಿಯಬೇಕು, ಮುಖ ಬೆಚ್ಚಗಾಗುವವರೆಗೆ. ಆಮೇಲೆ 20–30 ಸೆಕೆಂಡು ಮಾಮೂಲಿಗೆ ಬಿಡಬೇಕು. ಹೀಗೆ ಐದು ಸಲ. ಬಿಗಿ ಹಿಡಿದಾಗ ಬಿಪಿ ಏರುತ್ತದೆ, ಮೂರ್ಛೆ ತಪ್ಪುತ್ತದೆ. ಮನೆಯಲ್ಲಿ ದಿನಾ ಅಭ್ಯಾಸ ಮಾಡಬೇಕು. ಚುಚ್ಚುವಾಗ ಆ ಕೈಯನ್ನು ಮಾತ್ರ ಸಡಿಲ ಬಿಡಬೇಕು. ನಾವೆಲ್ಲ ಇಂಥವರಿಗೆ "ಮೈ ಸಡಿಲ ಬಿಡಿ" ಅಂತೀವಲ್ಲ, ಬಿಪಿ ಕುಸಿಯುವವರಿಗೆ ಅದು ಉಲ್ಟಾ ಸಲಹೆ. ಹೈ ಬಿಪಿ, ಹೃದಯದ ತೊಂದರೆ ಇರುವವರು, ಬಸುರಿಯರು ಡಾಕ್ಟರನ್ನು ಕೇಳಿಯೇ ಮಾಡಿ.

ಹರಿಹರದ ಅತ್ತೆ, ದುಗ್ಗಮ್ಮನಿಗೆ ಹರಕೆ ಖಂಡಿತ ಕಟ್ಟಿಕೊಳ್ಳಿ, ನಾನೂ ಕೈ ಮುಗಿಯುತ್ತೇನೆ. ಜೊತೆಗೆ ಜಿಲ್ಲಾ ಆಸ್ಪತ್ರೆಯ ಮನೋರೋಗ ವಿಭಾಗಕ್ಕೂ ಒಮ್ಮೆ ಕರೆದುಕೊಂಡು ಹೋಗೋಣ. ಅಲ್ಲಿಗೆ ಹೋದರೆ ಹುಚ್ಚು ಅಂತ ಅಲ್ಲ. ಮೊದಲು ಫೋನಿನಲ್ಲೇ ಮಾತಾಡಬೇಕು ಅಂದರೆ ಮಾನಸಿಕ ಆರೋಗ್ಯಕ್ಕೆ ಅಂತಲೇ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ ಇದೆ, ನಂಬರ್ 14416. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು, ರಾತ್ರಿಯಾದರೂ ಎತ್ತುತ್ತಾರೆ. ಈ ಗುಂಪಿನಲ್ಲಿ ಹಲ್ಲಿಗೋ, ಸ್ಟೇಜಿಗೋ, ಲಿಫ್ಟಿಗೋ ಹೆದರಿ ಯಾರಿಗೂ ಹೇಳದೆ ಕೂತವರಿದ್ದರೆ ನಿಮಗೂ ಅದೇ ನಂಬರ್.

ಮಾವ, ಈಗ ನಿಮಗೆ. ಸೋಮವಾರ ಮಧ್ಯಾಹ್ನ ನಮ್ಮ ಲ್ಯಾಬ್ ಖಾಲಿ ಇರುತ್ತದೆ, ಬನ್ನಿ. ಅವತ್ತು ರಕ್ತ ತೆಗೆಯಲ್ಲ, ನನ್ನ ಮಾತು ನಂಬಿ. ಕುರ್ಚಿಯಲ್ಲಿ ಕೂರುವುದು, ಸ್ಪಿರಿಟ್ ಹತ್ತಿ ಮೂಸುವುದು, ಮುಚ್ಚಳ ಹಾಕಿದ ಸೂಜಿ ಕೈಯಲ್ಲಿ ಹಿಡಿಯುವುದು, ಅಷ್ಟೇ. ಮುಂದಿನದು ನೀವು ಸರಿ ಅಂದ ಮೇಲೆ, ಅದೂ ಮಲಗಿಸಿಯೇ. ಮೂರು ತಿಂಗಳ ಶುಗರ್ ಲೆಕ್ಕ ಹೇಳುವ ಎಚ್‌ಬಿಎ1ಸಿ ಟೆಸ್ಟಿಗೆ ಖಾಲಿ ಹೊಟ್ಟೆ ಬೇಕಿಲ್ಲ, ಅದಕ್ಕೆ ಊಟ ಮಾಡಿ, ಚೆನ್ನಾಗಿ ನೀರು ಕುಡಿದೇ ಬನ್ನಿ. ಪ್ರಶಾಂತ, ಬೈಕ್ ಬೇಡ, ಆಟೋದಲ್ಲಿ ಕರೆದುಕೊಂಡು ಬಾ. ಹೊರಡುವ ಮೊದಲು ನನಗೊಂದು ಫೋನ್ ಮಾಡು.