ಪದಚರ್ಚೆ: ಜಿಂಕೆಯ ‘ಸ್ಟಾಕಿಂಗ್’ ಹಿಂಬಾಲಿಕೆಯೇ, ಹೊಂಚೇ?

ಪ್ರಶ್ನೆ (ಇನ್ವರ್ನೆಸ್‌ನಿಂದ)

ಮಾನ್ಯರೇ, ನಮ್ಮ ಪರಿಚಯದ ಕೆಲವರು ನವೆಂಬರ್‌ನಲ್ಲಿ ಸ್ಕಾಟ್ಲೆಂಡಿನ ಬೆಟ್ಟಸೀಮೆಗೆ ಕೆಂಪು ಜಿಂಕೆಯ ಬೇಟೆಗೆ ಹೊರಟಿದ್ದಾರೆ. ಹೆಣ್ಣುಜಿಂಕೆಯ ಬೇಟೆಗೆ ಅಲ್ಲಿ ಅಕ್ಟೋಬರ್ 21ರಿಂದ ಫೆಬ್ರವರಿ 15ರವರೆಗೆ ಅವಕಾಶವಿದೆ. ಜೊತೆಯಲ್ಲಿ ಬರುವ ಹಿರಿಯರೊಬ್ಬರಿಗೆ ಕನ್ನಡದಲ್ಲೇ ಓದಿ ರೂಢಿಯಾದ್ದರಿಂದ, ಏನನ್ನು ಸಿದ್ಧಮಾಡಿಕೊಳ್ಳಬೇಕು, ಚೀಲದಲ್ಲಿ ಏನಿರಬೇಕು ಎಂಬ ಒಂದು ಪುಟದ ಪಟ್ಟಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಸುಳಿವು ಕೊಡದೆ ಜಿಂಕೆಯ ಹತ್ತಿರ ಹೋಗಿ ಬೇಟೆಯಾಡುವ ‘ಸ್ಟಾಕಿಂಗ್’ಗೆ ಹಿಂಬಾಲಿಕೆ, ಬೆಟ್ಟದಲ್ಲಿ ಬೇಟೆಗಾರರ ಜೊತೆಗಿದ್ದು ನೆರವಾಗುವ ‘ಗಿಲ್ಲಿ’ಗೆ ಸೇವಕ, ಬಿದ್ದ ಜಿಂಕೆಯ ಕರುಳು ತೆಗೆಯುವ ‘ಗ್ರಾಲಕ್’ಗೆ ಹಸಿಗೆ ಎಂದು ಬರೆದುಕೊಂಡಿದ್ದೇನೆ, ಮೂರೂ ಸಮಾಧಾನ ಕೊಟ್ಟಿಲ್ಲ. ಪುಟ ಶುಕ್ರವಾರ ಮುದ್ರಣಕ್ಕೆ ಹೋಗಬೇಕು.

ಉತ್ತರ (ಧಾರವಾಡದಿಂದ)

ಹಿಂಬಾಲಿಕೆ ತಪ್ಪು. ಹಳಗನ್ನಡದಲ್ಲಿ ‘ಸಾರ್’ ಎಂಬ ಧಾತುವಿಗೆ ಹತ್ತಿರ ಹೋಗು ಎಂಬ ಅರ್ಥವಿದೆ, ‘ಬೇಂಟೆ’ ಇದೆ, ‘ಸಾರ್ವೇಂಟೆ’ ಎನ್ನಿ. ಗಿಲ್ಲಿ, ಗ್ರಾಲಕ್ ಮುಂತಾದ ಪರಕೀಯ ಸದ್ದುಗಳನ್ನು ಕನ್ನಡದೊಳಕ್ಕೆ ಬಿಟ್ಟುಕೊಳ್ಳುವ ಅಗತ್ಯವಿಲ್ಲ. ಕೈಯಲ್ಲಿ ಧಾತುಗಳಿರುವಾಗ ಸಾಲ ಏಕೆ?

ಉತ್ತರ (ತೀರ್ಥಹಳ್ಳಿಯಿಂದ)

‘ಸಾರ್ವೇಂಟೆ’ಯ ಸಂಧಿಯಲ್ಲಿ ದೋಷವಿಲ್ಲ, ಆದರೆ ಅದು ಈ ಪುಟಕ್ಕೆ ಆಗುವುದಿಲ್ಲ. ಇಂದಿನ ಓದುಗರಿಗೆ ‘ಸಾರು’ ಎಂದರೆ ಊಟದ ಸಾರು, ಇಲ್ಲವೇ ಡಂಗುರ ಸಾರುವುದು. ಹತ್ತಿರ ಹೋಗುವ ಅರ್ಥವನ್ನು ಅಡಿಟಿಪ್ಪಣಿ ಕೊಟ್ಟು ತಿಳಿಸಬೇಕಾದ ಪದವನ್ನು, ಚಳಿಯಲ್ಲಿ ಚೀಲ ಕಟ್ಟುತ್ತಿರುವ ಹಿರಿಯರ ಕೈಗೆ ಕೊಡಬಾರದು.

‘ಹಿಂಬಾಲಿಕೆ’ಯನ್ನು ಕೈಬಿಡಬೇಕು ಎಂಬ ಮಾತನ್ನು ನಾನೂ ಒಪ್ಪುತ್ತೇನೆ. 2013ರಲ್ಲಿ ಅಂದಿನ ಭಾರತೀಯ ದಂಡಸಂಹಿತೆಗೆ 354ಡಿ ಕಲಮು ಸೇರಿದ ಮೇಲೆ ಸ್ಟಾಕಿಂಗ್ ಎಂದೊಡನೆ ಹೆಣ್ಣುಮಕ್ಕಳ ಬೆನ್ನುಬಿದ್ದು ಕಾಡುವ ಅಪರಾಧವೇ ನಮಗೆ ನೆನಪಾಗುತ್ತದೆ. ಅದಿರಲಿ, ಬೇಟೆಯಲ್ಲಿ ನಡೆಯುವ ಕೆಲಸವೂ ಹಿಂಬಾಲಿಸುವುದಲ್ಲ. ಜಿಂಕೆ ದೂರದ ಇಳಿಜಾರಿನಲ್ಲಿ ಮೇಯುತ್ತಲೋ ಮಲಗಿಯೋ ಇರುತ್ತದೆ. ಬೇಟೆಗಾರ ಗಾಳಿಯನ್ನು ಎದುರಿಗಿಟ್ಟುಕೊಂಡು, ತಗ್ಗು ಹಳ್ಳಗಳ ಮರೆ ಹಿಡಿದು, ಕೊನೆಯ ದೂರವನ್ನು ಒದ್ದೆ ನೆಲದ ಮೇಲೆ ತೆವಳಿ, ಅದಕ್ಕೆ ಸುಳಿವೇ ಸಿಗದಂತೆ ಹತ್ತಿರವಾಗುತ್ತಾನೆ.

ನಮ್ಮ ಮಲೆನಾಡಿನ ಪದಗಳಲ್ಲಿ ಸೋವು ಎಂದರೆ ಹಳುವಿಗೆ ನುಗ್ಗಿ ಗಲಾಟೆ ಮಾಡಿ ಪ್ರಾಣಿಯನ್ನು ಕೋವಿಯ ಕಡೆಗೆ ಅಟ್ಟುವುದು. ಮರಸು ಎಂದರೆ ಮರದ ಮೇಲೆ ಅಡಗಿ ಕಾಯುವುದು. ಹೊಂಚು ಕೂಡ ಒಂದೆಡೆ ಕಾದು ಕುಳಿತವನ ಕೆಲಸ. ಮೂರರಲ್ಲೂ ಪ್ರಾಣಿಯೇ ಮನುಷ್ಯನ ಬಳಿಗೆ ಬರುತ್ತದೆ. ಸ್ಕಾಟ್ಲೆಂಡಿನ ಬೋಳುಬೆಟ್ಟದಲ್ಲಿ ಮನುಷ್ಯನೇ ಅದರ ಬಳಿಗೆ ಹೋಗಬೇಕು. ಆದ್ದರಿಂದ ‘ಮೆಲ್ಲಡಿ ಬೇಟೆ’ ಎಂದು ಸೂಚಿಸುತ್ತೇನೆ. ಮೆಲ್ಲಡಿ ಇಡುವುದು ಎಲ್ಲರಿಗೂ ಗೊತ್ತಿರುವ ಮಾತು. ತೆವಳುವಾಗ ಅಡಿ ಎಲ್ಲಿ ಬಂತು ಎಂದು ಆಕ್ಷೇಪಿಸುವವರಿಗೆ, ಆ ಬೇಟೆಯ ಬಹುಪಾಲು ನಡಿಗೆಯೇ ಎಂಬುದು ನನ್ನ ಉತ್ತರ.

‘ಗ್ರಾಲಕ್’ಗೆ ಹಸಿಗೆ ಎಂದು ಬರೆದರೆ ಅಪಾರ್ಥವಾಗುತ್ತದೆ. ಹಸಿಗೆಯ ಹಳೆಯ ರೂಪ ಪಸುಗೆ, ಅಂದರೆ ಪಾಲು ಮಾಡುವುದು. ನಮ್ಮಲ್ಲಿ ಹಸಿಗೆ ಮಾಡಿದರೆಂದರೆ ಮಾಂಸ ಕಡಿದು ಪಾಲು ಹಾಕುವವರೆಗಿನ ಕೆಲಸವೆಲ್ಲ ಅದರಲ್ಲಿ ಬರುತ್ತದೆ. ಗ್ರಾಲಕ್ ಎಂದರೆ ಬಿದ್ದ ಜಾಗದಲ್ಲೇ ಹೊಟ್ಟೆ ಬಗೆದು ಕರುಳು ತೆಗೆಯುವುದಷ್ಟೇ. ತೊಗಲು ಹಾಗೆಯೇ ಇರುತ್ತದೆ, ಒಡಲು ಕುದುರೆಯ ಮೇಲೋ ಗಾಡಿಯಲ್ಲೋ ಕೆಳಗಿಳಿಯುತ್ತದೆ. ‘ಕರುಳು ತೆಗೆಯುವುದು’ ಎಂದರೆ ಸಾಕು. ಚಾಕು, ಕೈಗವಸು, ಹಗ್ಗ ಮೂರನ್ನೂ ಆ ಸಾಲಿನ ಕೆಳಗೇ ಬರೆಯಿರಿ; ಅವು ಏಕೆ ಬೇಕೆಂಬುದು ತಾನಾಗಿ ತಿಳಿಯುತ್ತದೆ.

ಗಿಲ್ಲಿಯನ್ನು ಮಾತ್ರ ಹಾಗೆಯೇ ಉಳಿಸಿ. ಗೇಲಿಕ್ ಭಾಷೆಯ ‘ಗಿಲ್ಲೆ’ ಎಂದರೆ ಹುಡುಗ, ಆಳು. ಇಂಗ್ಲಿಷಿನವರು ಆ ಪದವನ್ನೂ, ಕರುಳು ಎಂಬ ಅರ್ಥದ ಗೇಲಿಕ್ ಪದದಿಂದ ಬಂದ ಗ್ರಾಲಕ್ ಅನ್ನೂ ಬೆಟ್ಟದ ಜನರಿಂದಲೇ ಪಡೆದರು. ‘ಸೇವಕ’ ಎಂದು ಬರೆದರೆ, ಬೆಟ್ಟವನ್ನು ಚೆನ್ನಾಗಿ ಬಲ್ಲ ಮನುಷ್ಯ ಕಾಫಿ ತಂದುಕೊಡುವವನಾಗಿ ಕಾಣುತ್ತಾನೆ. ಸಾಲವೇ ಬೇಡ ಎನ್ನುವ ಧಾರವಾಡದ ಮಿತ್ರರು ಮಲೆನಾಡಿನ ಬಾಯಲ್ಲಿರುವ ‘ಶಿಕಾರಿ’ಯನ್ನು ಏನು ಮಾಡುತ್ತಾರೆ? ಪಾರಸಿಯಲ್ಲಿ ಶಿಕಾರಿ ಎಂದರೆ ಬೇಟೆಗಾರ. ನಾವು ಆ ಪದವನ್ನು ಬೇಟೆಗೇ ಇಟ್ಟುಕೊಂಡು, ‘ಶಿಕಾರಿಗೆ ಹೋದರು’ ಎಂದು ತಲೆಮಾರುಗಳಿಂದ ಹೇಳುತ್ತ ಬಂದಿದ್ದೇವೆ. ಕನ್ನಡಕ್ಕೆ ಅದರಿಂದ ಕೇಡಾಗಲಿಲ್ಲ. ಕೇಡಾಗಿರುವುದು ಸೋವು, ಮರಸು, ಈಡು (ಗುಂಡೇಟು) ಎಂಬ ನಮ್ಮವೇ ಪದಗಳನ್ನು ಕೋಶಕ್ಕೆ ಬಿಟ್ಟು ಮರೆತದ್ದರಿಂದ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದ ಬೇಟೆ ನಿಂತದ್ದು ಒಳ್ಳೆಯದೇ ಆಯಿತು, ಆದರೆ ಆ ಪದಗಳನ್ನು ಆಡುತ್ತಿದ್ದ ಮುದುಕರ ಬಳಿ ಕೂತು ಬರೆದುಕೊಂಡವರು ಕಡಿಮೆ ಎಂಬುದು ನನಗೆ ಇಂದಿಗೂ ನೋವು.

ಪಟ್ಟಿಯ ಬಗ್ಗೆ ಒಂದು ಮಾತು. ಕೆಲಸದ ಮೇಲೆ ಸ್ಕಾಟ್ಲೆಂಡಿನಲ್ಲಿದ್ದಾಗ ನಾನು ಒಮ್ಮೆ ಅಂಥ ಬೆಟ್ಟ ಹತ್ತಿದ್ದೆ. ಉಣ್ಣೆಯ ಅಂಗಿಯ ಮೇಲೆ ಹೊಸ ಪ್ಲಾಸ್ಟಿಕ್ ಮಳೆಯಂಗಿ ತೊಟ್ಟಿದ್ದೆ. ತೆವಳುವಾಗ ಮೊಣಕೈ ಪಕ್ಕೆಗೆ ಉಜ್ಜಿ ಸರಕ್ಕೆಂದಿತು. ಮೇಯುತ್ತಿದ್ದ ಹೆಣ್ಣುಜಿಂಕೆಯೊಂದು ತಲೆಯೆತ್ತಿ, ಕಿವಿ ನಿಮಿರಿಸಿ ನಾವಿದ್ದ ದಿಕ್ಕನ್ನೇ ನೋಡಿತು. ಮರುಗಳಿಗೆಯಲ್ಲಿ ಇಡೀ ಹಿಂಡು ದಿಣ್ಣೆಯಾಚೆ ಹೋಯಿತು. ಕರೆದೊಯ್ದವರು ಒಂದು ಮಾತೂ ಆಡದೆ ನನ್ನ ತೋಳನ್ನು ಮುಟ್ಟಿ ತೋರಿಸಿದರು. ನಿಮ್ಮ ಕರಡಿನಲ್ಲಿ ‘ನಿಶ್ಶಬ್ದ ವಸ್ತ್ರಗಳನ್ನು ಧರಿಸತಕ್ಕದ್ದು’ ಎಂಬಂಥ ಸಾಲಿದ್ದರೆ ಅದನ್ನು ತೆಗೆದು ಹೀಗೆ ಬರೆಯಿರಿ: ‘ಮಳೆಯಂಗಿಯ ತೋಳನ್ನು ಕಿವಿಯ ಬಳಿ ಉಜ್ಜಿ ನೋಡಿ; ಸದ್ದು ಬಂದರೆ ಮನೆಯಲ್ಲೇ ಬಿಟ್ಟು ಬನ್ನಿ.’