ಮಗನ ಮೊಣಕಾಲ ಹತ್ತಿರ ಗಂಟು: ಸಾದಾ ಗಡ್ಡೆಯೋ, ಕ್ಯಾನ್ಸರೋ? ಅನುಭವ ಇದ್ದವರು ಹೇಳಿ

ಪ್ರಶ್ನೆ, ಕಲಬುರಗಿಯ ಶಹಾಬಜಾರದಿಂದ:
ಮಗನಿಗೆ 15 ವರ್ಷ. ಮೊಣಕಾಲ ಕೆಳಗೆ ಎಲುಬು ಉಬ್ಬಿದೆ. ಒಂದು ತಿಂಗಳಿಂದ ರಾತ್ರಿ ನೋವಿಗೆ ಎದ್ದು ಕೂರುತ್ತಾನೆ. ಎಕ್ಸ್‌ರೇ ನೋಡಿದ ಡಾಕ್ಟರು ಗಡ್ಡೆ ಇರಬಹುದು, ಎಂಆರ್‌ಐ ಮಾಡಿಸಿ ಅಂದರು. ನಮ್ಮ ಅತ್ತೆ ಎಣ್ಣೆ ಹಚ್ಚಿ ತಿಕ್ಕಿಸೋಣ ಅಂತಾರೆ. ಎಂಥ ಗಡ್ಡೆ ಅಂತ ಹೆಂಗೆ ಗೊತ್ತಾಗುತ್ತದೆ?

ಜೇವರ್ಗಿಯಿಂದ:
ಅಕ್ಕಾರೆ, ಗಂಟೆಲ್ಲ ಕ್ಯಾನ್ಸರ್ ಅಲ್ಲ. ನನ್ನ ಮಗಳಿಗೆ 13ರಲ್ಲಿ ಇದೇ ಜಾಗದಲ್ಲಿ ಬಂದಿತ್ತು. ಆಸ್ಟಿಯೋಕಾಂಡ್ರೋಮಾ ಅಂದರು. ಎಲುಬಿನ ಸಾದಾ ಗಡ್ಡೆಗಳಲ್ಲಿ ಅದೇ ಜಾಸ್ತಿಯಂತೆ. ಗಿಡಕ್ಕೆ ಟಿಸಿಲು ಒಡೆದ ಹಾಗೆ ಎಲುಬಿನಿಂದ ಹೊರಗೆ ಬೆಳೆದಿತ್ತು. ಆಪರೇಷನ್ ಬೇಡ, ಎತ್ತರ ಬೆಳೆಯುವುದು ನಿಂತ ಮೇಲೂ ಗಂಟು ಬೆಳೆದರೆ ಬನ್ನಿ ಅಂದಿದ್ದರು. ಈಗ ಅವಳಿಗೆ 19, ಗಂಟು ಅಷ್ಟೇ ಇದೆ. ಆದರೆ ಅವಳಿಗೆ ನೋವೇ ಇರಲಿಲ್ಲ. ನಿಮ್ಮ ಹುಡುಗನ ರಾತ್ರಿ ನೋವು ಕೇಳಿದ ಮೇಲೆ ಕಾಯಿರಿ ಅನ್ನಲು ನನಗೆ ಮನಸ್ಸು ಬರುತ್ತಿಲ್ಲ.

ಬೀದರಿನಿಂದ:
ಸಾದಾ, ಕ್ಯಾನ್ಸರ್ ಎರಡೇ ಅಂತ ನಾವೂ ತಿಳಿದಿದ್ದೆವು. ನಡುವೆ ಇನ್ನೊಂದು ಗುಂಪಿದೆ. ನನ್ನ ತಮ್ಮನಿಗೆ 28ರಲ್ಲಿ ಜೈಂಟ್ ಸೆಲ್ ಟ್ಯೂಮರ್ ಆಯಿತು. ಅದು ಆ ನಡುವಿನದು. ಇದ್ದಲ್ಲೇ ಎಲುಬು ತಿನ್ನುತ್ತದೆ, ತೆಗೆದರೂ ಮತ್ತೆ ಬರಬಹುದು, ಅಪರೂಪಕ್ಕೆ ಶ್ವಾಸಕೋಶಕ್ಕೂ ಹೋಗುತ್ತದೆ. ಮೊದಲು ತೋರಿಸಿದ ಕಡೆ ಸಾದಾ ಗಡ್ಡೆ ಅಂತ ಹೇಳಿ, ಬಯಾಪ್ಸಿ (ಗಡ್ಡೆಯ ಚೂರು ತೆಗೆದು ಮಾಡುವ ಪರೀಕ್ಷೆ) ಮಾಡದೆಯೇ ಕೆರೆದು ತೆಗೆದರು. ಒಂದೂವರೆ ವರ್ಷಕ್ಕೆ ತಿರುಗಿ ಬಂತು. ಎರಡನೇ ಸಲ ಬೆಂಗಳೂರಿನಲ್ಲಿ ಕೆರೆದು ಒಳಗೆ ಎಲುಬಿಗೆ ಹಾಕುವ ಸಿಮೆಂಟು ತುಂಬಿದರು. ಈಗ ಹೊಲಕ್ಕೆ ಹೋಗುತ್ತಾನೆ. ಎದೆಯ ಎಕ್ಸ್‌ರೇ ಮಾತ್ರ ತಪ್ಪಿಸುವುದಿಲ್ಲ. ಗಡ್ಡೆಯ ಹೆಸರು ಗೊತ್ತಾಗದೆ ಕೊಯ್ಯಿಸಬೇಡಿ ಅಕ್ಕಾರೆ, ಕೈಮುಗಿದು ಹೇಳುತ್ತೇನೆ.

ಯಾದಗಿರಿಯಿಂದ:
ನಾನು ಎಕ್ಸ್‌ರೇ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಡಾಕ್ಟರು ಫಿಲ್ಮಿನಲ್ಲಿ ಗಡ್ಡೆಯ ಅಂಚು ನೋಡುತ್ತಾರೆ. ನಿಧಾನ ಬೆಳೆದಿದ್ದರೆ ಸುತ್ತಲಿನ ಎಲುಬು ಬದು ಹಾಕಿಕೊಂಡಿರುತ್ತದೆ, ಬಿಳಿ ಗೆರೆ ಕಾಣುತ್ತದೆ. ಬೇಗ ಬೆಳೆದಿದ್ದರೆ ಅಂಚು ಎಲ್ಲಿ ಅಂತಲೇ ತಿಳಿಯುವುದಿಲ್ಲ, ಎಲುಬಿನ ಮೇಲಿನ ಪೊರೆ ಎದ್ದಿರುತ್ತದೆ. ವಯಸ್ಸು, ಜಾಗವೂ ಮುಖ್ಯ. ಹದಿವಯಸ್ಸಿನಲ್ಲಿ ಮೊಣಕಾಲ ಸುತ್ತ ಆಸ್ಟಿಯೋಸಾರ್ಕೋಮಾ ಅನ್ನುವ ಕ್ಯಾನ್ಸರ್ ಬರುವುದುಂಟು. ಅದಕ್ಕೇ ಎಂಆರ್‌ಐ ಮುಂದೂಡಬೇಡಿ. ಅದೇ ಆದರೂ ಈಗ ಬಹಳ ಮಂದಿಗೆ ಕಾಲು ಉಳಿಸಿಯೇ ಆಪರೇಷನ್ ಮಾಡುತ್ತಾರೆ. (40 ದಾಟಿದವರಲ್ಲಾದರೆ ಬೇರೆ ಅಂಗದ ಕ್ಯಾನ್ಸರ್ ಎಲುಬಿಗೆ ಹಬ್ಬಿದೆಯಾ ಅಂತಲೂ ಹುಡುಕುತ್ತಾರೆ.)

ಎಂಆರ್‌ಐ ಮೊದಲು, ಬಯಾಪ್ಸಿ ಆಮೇಲೆ. ಬಯಾಪ್ಸಿಯ ಸೂಜಿ ಹೋದ ದಾರಿಯನ್ನೂ ಆಪರೇಷನ್‌ನಲ್ಲಿ ತೆಗೆಯಬೇಕಾಗಬಹುದು. ಹಾಗಾಗಿ ಆಪರೇಷನ್ ಮಾಡುವವರ ಕಡೆಯೇ ಬಯಾಪ್ಸಿ ಆಗಲಿ. ಕಲಬುರಗಿಯಲ್ಲೇ ಕಿದ್ವಾಯಿ ಕ್ಯಾನ್ಸರ್ ಸೆಂಟರ್ ಇದೆ, ಎಲ್ಲಿಗೆ ಹೋಗಬೇಕು ಅಂತ ಅಲ್ಲಿ ಕೇಳಿ. ತಿಕ್ಕಿಸುವುದು ಬೇಡವೇ ಬೇಡ. ಒಳಗೆ ಎಲುಬು ಸವೆದಿದ್ದರೆ ಮುರಿಯುತ್ತದೆ.

ಶಹಾಬಜಾರದಿಂದ:
ಎಲ್ಲರಿಗೂ ಶರಣು. ಶುಕ್ರವಾರ ಎಂಆರ್‌ಐ. ಎಲುಬು ಮುರಿಯುವ ಮಾತು ಅತ್ತೆಗೆ ಓದಿ ಹೇಳಿದೆ, ಎಣ್ಣೆ ಬೇಡ ಅಂದರು. ಬೀದರಿನ ಅಣ್ಣಾರೆ, ಬೆಂಗಳೂರಿಗೆ ಹೋಗುವುದಾದರೆ ಹಳೆ ಎಕ್ಸ್‌ರೇ ನಡೆಯುತ್ತದಾ?

ಬೀದರಿನಿಂದ:
ಹಳೇದು, ಹೊಸದು ಎರಡೂ ಒಯ್ಯಿರಿ. ಎಷ್ಟು ಬೇಗ ಬೆಳೆದಿದೆ ಅಂತ ಪಕ್ಕಪಕ್ಕ ಇಟ್ಟು ನೋಡುತ್ತಾರೆ. ಅಷ್ಟರಲ್ಲಿ ಬಯಾಪ್ಸಿ ಆಗಿದ್ದರೆ ರಿಪೋರ್ಟ್ ಜೊತೆ ಸ್ಲೈಡುಗಳನ್ನೂ (ಗಡ್ಡೆಯ ಚೂರು ಇಟ್ಟ ಗಾಜಿನ ಪಟ್ಟಿ) ಕೇಳಿ ಇಸಕೊಳ್ಳಿ.