‘ದಿ ಪ್ರಿಸನರ್’ ಮೊದಲ ಕಂತಿಗೇ ಅಪ್ಪ ಎದ್ದು ಹೋದ್ರು, ಮುಂದೆ ಯಾವುದು ಹಾಕಲಿ?

ಅಪ್ಪನಿಗೆ ಗೂಢಚಾರಿ ಕಥೆ ಅಂದ್ರೆ ಪ್ರಾಣ. ಅದಕ್ಕೇ 1967ರ ಈ ಬ್ರಿಟಿಷ್ ಧಾರಾವಾಹಿಯ ಮೊದಲ ಕಂತು ‘ಅರೈವಲ್’ ಹಾಕಿದೆ. ರಾಜೀನಾಮೆ ಬಿಸಾಕಿ ಬಂದ ಏಜೆಂಟಿಗೆ ಮನೆಯಲ್ಲೇ ಪ್ರಜ್ಞೆ ತಪ್ಪಿಸ್ತಾರೆ, ಕಣ್ಣು ಬಿಟ್ಟರೆ ಯಾವುದೋ ‘ವಿಲೇಜ್’. ಹೆಸರಿಲ್ಲ, ನಂಬರ್ ಸಿಕ್ಸ್ ಅಷ್ಟೇ. ಕೆಲಸ ಯಾಕೆ ಬಿಟ್ಟೆ ಹೇಳು ಅಂತ ಪೀಡಿಸ್ತಾರೆ. ಇಲ್ಲಿಗಂಟ ಅಪ್ಪ ಅಲ್ಲಾಡದೆ ಕೂತಿದ್ರು. ದೊಡ್ಡ ಬಿಳಿ ಬಲೂನು ಮನುಷ್ಯರನ್ನ ಅಟ್ಟಿಸಿಕೊಂಡು ಬಂತು ನೋಡಿ, "ಇದೇನೋ ಮಕ್ಕಳಾಟ" ಅಂದು ಎದ್ದೇಬಿಟ್ರು. ಇನ್ನೊಂದು ಕಂತು ನೋಡ್ತೀನಿ ಅಂದಿದ್ದಾರೆ, ಒಂದೇ ಒಂದು. ನೋಡಿದವರು ಹೇಳಿ.

—

ಕಣ್ಣು ಮುಚ್ಚಿ ‘ದಿ ಚೈಮ್ಸ್ ಆಫ್ ಬಿಗ್ ಬೆನ್’ ಹಾಕಿ. ಪ್ರಸಾರದ ಲೆಕ್ಕದಲ್ಲಿ ಅದೇ ಎರಡನೇದು. ನಮ್ಮ ಮಾವನವರನ್ನ ಹಿಡಿದು ಕೂರಿಸಿದ್ದೂ ಅದೇ. ಮುಂದೆ ಕಥೆ ಪೂರ್ತಿ ಬಿಚ್ಚಿಡ್ತಿದೀನಿ, ಅಪ್ಪನಿಗೆ ತೋರಿಸಬೇಡಿ.

ನಾಡಿಯಾ ಅನ್ನೋ ಎಸ್ಟೋನಿಯಾದ ಹೆಂಗಸನ್ನ ಹೊಸದಾಗಿ ತಂದು ಹಾಕಿರ್ತಾರೆ. ಅವಳಿಗೆ ಕೊಡೋ ಹಿಂಸೆ ನಿಲ್ಲಿಸಿದ್ರೆ ನಿಮ್ಮ ಕಲಾ ಪ್ರದರ್ಶನದಲ್ಲಿ ನಾನೂ ಸೇರ್ತೀನಿ ಅಂತ ಸಿಕ್ಸ್ ಒಪ್ಪಂದಕ್ಕೆ ಬರ್ತಾನೆ. ಉಳಿದವರೆಲ್ಲ ಅಲ್ಲಿನ ಮುಖ್ಯಸ್ಥ ನಂಬರ್ ಟೂನ ಮುಖವನ್ನೇ ಕೆತ್ತಿ, ನೇಯ್ದು, ಬರೆದು ತಂದಿರ್ತಾರೆ. (ಈ ಭಾಗಕ್ಕೆ ನಮ್ಮ ಮಾವ ಬಿದ್ದು ಬಿದ್ದು ನಕ್ರು, ಸರ್ಕಾರಿ ನೌಕರಿ ಮಾಡಿದವರು.) ಇವನದು ಮಾತ್ರ ಅರ್ಥವಾಗದ ಮರದ ತುಂಡುಗಳು. ಬಹುಮಾನವೂ ಅದಕ್ಕೇ. ಬಂದ ದುಡ್ಡಲ್ಲಿ ಒಬ್ಬ ಅಜ್ಜಿ ನೇಯ್ದ ಚಿತ್ರಪಟ ಕೊಳ್ತಾನೆ. ರಾತ್ರಿ ತುಂಡುಗಳು ಜೋಡಿಸಿದ್ರೆ ದೋಣಿ, ಚಿತ್ರಪಟವೇ ಹಾಯಿ!

ದೋಣಿಯಿಂದ ಇಳಿದ ಮೇಲೆ ಪೋಲೆಂಡಿನ ಕಡೆಯವನೊಬ್ಬನ ಕೈಗಡಿಯಾರ ಇಸ್ಕೊಳ್ತಾನೆ. ಆಮೇಲೆ ಅವನೂ ನಾಡಿಯಾಳೂ ಪೆಟ್ಟಿಗೆಯೊಳಗೆ ಕೂತು ಲಂಡನ್ನಿಗೆ. ಪೆಟ್ಟಿಗೆ ತೆರೆದ್ರೆ ಹಳೇ ಆಫೀಸು, ಹಳೇ ಸಾಹೇಬರು, ಹೊರಗೆ ಟ್ರಾಫಿಕ್ ಸದ್ದು. ರಾಜೀನಾಮೆಯ ಕಾರಣ ಹೇಳೋಕೆ ಬಾಯಿ ತೆರೀಬೇಕು, ಬಿಗ್ ಬೆನ್ ಎಂಟು ಹೊಡೆಯುತ್ತೆ. ಕೈಗಡಿಯಾರ ನೋಡ್ಕೊಳ್ತಾನೆ, ಅದರಲ್ಲೂ ಎಂಟು. ಪೋಲೆಂಡಿನ ಟೈಮು ಲಂಡನ್ನಿಗಿಂತ ಒಂದು ಗಂಟೆ ಮುಂದಿರಬೇಕಲ್ವಾ? ಗೋಡೆಗುಂಟ ತಡಕಿ ಪ್ಲಗ್ ಕೀಳ್ತಾನೆ, ಟ್ರಾಫಿಕ್ ಸದ್ದು ನಿಂತೇ ಹೋಗುತ್ತೆ. ಬಾಗಿಲು ತೆಗೆದ್ರೆ ಮತ್ತದೇ ವಿಲೇಜು.

ಮಾವ ರಿಮೋಟ್ ಕಿತ್ಕೊಂಡು ಆ ಐದು ನಿಮಿಷ ಇನ್ನೊಂದ್ಸಲ ಹಾಕಿಸಿದ್ರು. ಬಲೂನಿನ ಬಗ್ಗೆ ಆಮೇಲೆ ಚಕಾರ ಎತ್ತಲಿಲ್ಲ.

—

ಮೇಲಿನವರ ಮಾತಿಗೆ ನನ್ನ ಒಪ್ಪಿಗೆ ಇದೆ, ಒಂದು ತಗಾದೆ ಬಿಟ್ಟು. ಬ್ರಿಟನ್ನಿನಲ್ಲಿ ಬೇಸಿಗೆಗೆ ಗಡಿಯಾರ ಒಂದು ಗಂಟೆ ಮುಂದೆ ತಳ್ತಾರೆ. ಆಗಿನ ಪೋಲೆಂಡಿನಲ್ಲಿ ತಳ್ತಿರಲಿಲ್ಲ. ಅಂದ್ರೆ ಬೇಸಿಗೆಯಲ್ಲಿ ಎರಡೂ ಕಡೆ ಒಂದೇ ಟೈಮು, ಅವನ ಅನುಮಾನಕ್ಕೆ ಬುಡವೇ ಇಲ್ಲ! ಕಥೆ ನಡೆದದ್ದು ಚಳಿಗಾಲದಲ್ಲಿ ಅಂತ ಅಂದ್ಕೊಂಡು ನೋಡಿ.

ಅಪ್ಪನಿಗೆ ಶುದ್ಧ ಗೂಢಚಾರಿಕೆಯೇ ಬೇಕಂದ್ರೆ ‘ಹ್ಯಾಮರ್ ಇಂಟು ಆನ್ವಿಲ್’ ಇನ್ನೂ ಒಂದು ಕೈ ಮೇಲು. ಒಬ್ಬ ಹೆಂಗಸಿನ ಸಾವಿಗೆ ಕಾರಣನಾದ ನಂಬರ್ ಟೂ ಮೇಲೆ ಸಿಕ್ಸ್ ಸೇಡು ತೀರಿಸಿಕೊಳ್ತಾನೆ, ಕೈಯಲ್ಲಿ ಒಂದು ಗುಟ್ಟೂ ಇಲ್ಲದೆ. ಅಂಗಡಿಗೆ ಹೋಗಿ ಒಂದೇ ಗ್ರಾಮಫೋನ್ ರೆಕಾರ್ಡಿನ ಹಲವು ಪ್ರತಿಗಳನ್ನ ಒಂದಾದ ಮೇಲೊಂದು ಕೇಳ್ತಾನೆ, ಮಧ್ಯೆ ಮಧ್ಯೆ ಗಡಿಯಾರ ನೋಡ್ತಾನೆ, ಕೊಳ್ಳದೆ ಹೊರಡ್ತಾನೆ. ಇಷ್ಟು ಸಾಕು, ನಂಬರ್ ಟೂ ಎಲ್ಲ ರೆಕಾರ್ಡೂ ತರಿಸಿಕೊಂಡು ಸಂಕೇತ ಹುಡುಕೋಕೆ ಕೂರ್ತಾನೆ. ತನ್ನವರ ಮೇಲೇ ಸಂಶಯ ಶುರು. ಹಿಂದಿನ ಕಂತು ನೋಡಿರಲೇಬೇಕು ಅಂತೇನಿಲ್ಲ.

—

ಬಲೂನಿಗೆ ಪಾಪ ಬೈಬೇಡಿ ರೀ. ಮೊದಲು ಒಂದು ಯಂತ್ರದ ಗಾಡಿ ಕಟ್ಟಿಸಿದ್ರು, ಚಿತ್ರೀಕರಣದಲ್ಲಿ ಅದು ಕೈಕೊಡ್ತು. ಹವಾಮಾನ ಇಲಾಖೆಯವರು ಹಾರಿಸೋ ತರಹದ ಬಲೂನು ಅದರ ಜಾಗಕ್ಕೆ ಬಂತು. ಅಪ್ಪನಿಗೆ ಇದನ್ನ ಮೊದಲೇ ಹೇಳಿ, ಪಕ್ಕದಲ್ಲಿ ಕೂತು ಬೇರೇನೂ ವಿವರಿಸೋಕೆ ಹೋಗಬೇಡಿ.

—

ನಾವಿರೋದು ಇಂಗ್ಲೆಂಡಿನಲ್ಲಿ. ಆ ವಿಲೇಜ್ ನಿಜವಾಗಿ ಇರೋ ಜಾಗ, ವೇಲ್ಸಿನ ಪೋರ್ಟ್‌ಮೇರಿಯನ್. ಕ್ಲಫ್ ವಿಲಿಯಮ್ಸ್-ಎಲ್ಲಿಸ್ ಅನ್ನೋ ವಾಸ್ತುಶಿಲ್ಪಿ 1925ರಲ್ಲಿ ಕಟ್ಟೋಕೆ ಶುರು ಮಾಡಿದ್ದು. ಧಾರಾವಾಹಿಯಲ್ಲಿ ಕೊನೇ ಕಂತಿನವರೆಗೂ ಜಾಗದ ಹೆಸರು ಹಾಕಿರಲಿಲ್ಲ. ಊರಿಂದ ಬಂದಿದ್ದ ಅಮ್ಮ ಅಪ್ಪನನ್ನ ಕರ್ಕೊಂಡು ಹೋಗಿದ್ವಿ. ಸಿಕ್ಸ್ ಮನೆ ಹೊರಗಿಂದ ಪುಟ್ಟ ಗುಂಡನೆ ಮನೆ, ಟಿವಿಯಲ್ಲಿ ಕಾಣೋ ವಿಶಾಲ ಹಾಲ್ ಅದರೊಳಗೆ ಹಿಡಿಸೋದೇ ಇಲ್ಲ. ಒಳಗಿನ ದೃಶ್ಯಗಳೆಲ್ಲ ಬೋರಮ್‌ವುಡ್‌ನ ಸ್ಟುಡಿಯೋದಲ್ಲಿ ತೆಗೆದದ್ದು. ದಡದಲ್ಲಿ ಕಲ್ಲುಗಾರೆಯ ದೋಣಿಯೂ ಇದೆ, ಎಲ್ಲಿಗೂ ಹೋಗಲ್ಲ. ನೀರು ಇಳಿದಾಗ ಮೈಲಿಗಟ್ಟಲೆ ಬರೀ ಮರಳು. "ಇವನು ನಡ್ಕೊಂಡೇ ತಪ್ಪಿಸ್ಕೋಬಹುದಿತ್ತಲ್ಲೋ" ಅಂದ್ರು ನಮ್ಮಪ್ಪ.

—

ಒಟ್ಟು 17 ಕಂತು. ಯಾವ ಕ್ರಮದಲ್ಲಿ ನೋಡಬೇಕು ಅಂತ ಅಭಿಮಾನಿಗಳು ಇವತ್ತಿಗೂ ಕಿತ್ತಾಡ್ತಾರೆ. ಎಂಟನೇದಾಗಿ ಪ್ರಸಾರವಾದ ‘ಡಾನ್ಸ್ ಆಫ್ ದಿ ಡೆಡ್’ನಲ್ಲಿ ಸಿಕ್ಸ್ ತಾನು ಇಲ್ಲಿಗೆ ಹೊಸಬ ಅಂತಾನೆ, ಅಲ್ಲಿಂದ ಜಗಳ. ಅಪ್ಪ ಒಪ್ಪಿದ್ರೆ ಅದನ್ನ ‘ಚೈಮ್ಸ್’ ಆದ ಕೂಡಲೇ ಹಾಕಿ. ಕೊನೆಯ ಎರಡು ಮಾತ್ರ ಒಂದೇ ದಿನ ನೋಡಿ, ಬಿಡಿಬಿಡಿಯಾಗಿ ಬೇಡ. ‘ಚೈಮ್ಸ್’ನಲ್ಲಿ ನಂಬರ್ ಟೂ ಆಗಿದ್ದ ಲಿಯೋ ಮೆಕರ್ನ್ ಅವೆರಡರಲ್ಲೂ ಬರ್ತಾರೆ. ಕೊನೇದರಲ್ಲಿ ಗಡ್ಡ ಎಲ್ಲಿ ಹೋಯ್ತು ಅಂತ ಅಪ್ಪ ಕೇಳೇ ಕೇಳ್ತಾರೆ. ಎರಡರ ಚಿತ್ರೀಕರಣದ ಮಧ್ಯೆ ತಿಂಗಳುಗಟ್ಟಲೆ ಅಂತರ ಇತ್ತು, ಅಷ್ಟರಲ್ಲಿ ಅವರು ಬೋಳಿಸ್ಕೊಂಡಿದ್ರು, ಅದನ್ನೇ ಕಥೆಗೆ ಸೇರಿಸಿಬಿಟ್ರು.